ಉಪ್ಪಾಗೆಯ ಗೋಣಿ

ಪುಣೆಗೆ ಬಂದು ನೆಲೆಸಿದ ಮೇಲೆ ಊರಿನ ವಾಸನೆ ಬೇಕೆನಿಸಿದಾಗಲೆಲ್ಲ ನಾವು ಹೋಗುವ ಜಾಗ ಒಂದೇ, ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡ್. ಭುಸಾರ ವಿಭಾಗದ ಓಣಿಗಳಲ್ಲಿ ಅಡಿಕೆ, ಮೆಣಸು, ಸೀಗೆ, ಅಂಟವಾಳ, ಆಮಸೂಲ್ ಎಲ್ಲ ಸೇರಿ ಒಂದು ಘಮಲು ಏಳುತ್ತದೆ. ಕಣ್ಣು ಮುಚ್ಚಿದರೆ ಶಿರಸಿ ಪೇಟೆಯೇ. ಆದರೆ ಅಲ್ಲಿ ಕಣ್ಣು ಮುಚ್ಚಿ ನಡೆಯುವಂತಿಲ್ಲ. ಹಿಂದಿನಿಂದ ಕೈಗಾಡಿ ತಳ್ಳಿಕೊಂಡು ಬರುವ ಹಮಾಲರು "ಸರೀರಿ, ಸರೀರಿ" ಎಂದು ಅಚ್ಚ ಕಲಬುರ್ಗಿ ಕನ್ನಡದಲ್ಲಿ ಎಚ್ಚರಿಸುತ್ತಾರೆ. ಬಾಬಾ ಆಢಾವರು ಕಟ್ಟಿದ ಹಮಾಲ ಪಂಚಾಯತಿಯ 'ಕಷ್ಟಾಚಿ ಭಾಕರ್'ನಲ್ಲಿ ಊಟಕ್ಕೆ ಕುಳಿತರೆ ಪಕ್ಕದಲ್ಲಿ ಕನ್ನಡ ಕೇಳುವುದೂ ಉಂಟು.

ಈ ಯಾರ್ಡಿನಲ್ಲಿ ನಾವು ಒಂದು ಸಣ್ಣ ವ್ಯಾಪಾರ ಮಾಡಿದ್ದೆವು. ಅದನ್ನು ಸಂಘದ ಸ್ನೇಹಿತರಿಗೆ ಇದುವರೆಗೆ ಹೇಳಿಲ್ಲ. ಹೇಳಿಕೊಳ್ಳುವಂಥದ್ದೂ ಅಲ್ಲ.

ಬಯಲುಸೀಮೆಯ ಬಂಧುಗಳಿಗೆ ಉಪ್ಪಾಗೆ ಮರದ ಪರಿಚಯ ಇರಲಿಕ್ಕಿಲ್ಲ. ಮುರುಗಲಿನ, ಅಂದರೆ ಇಲ್ಲಿಯವರ ಆಮಸೂಲಿನ, ಒಡಹುಟ್ಟಿದ ಮರ ಅದು. ಕೇರಳದವರು ಮೀನಿನ ಸಾರಿಗೆ ಹಾಕುವ ಕುಡಂಪುಳಿ ಇದರದ್ದೇ ಸಿಪ್ಪೆ. ಮಳೆಗಾಲದಲ್ಲಿ ಹಣ್ಣು ಹಳದಿಯಾಗಿ ತಾನೇ ಉದುರುತ್ತದೆ. ನಮ್ಮ ತಾಯಂದಿರು ಬುಟ್ಟಿ ಹಿಡಿದು ಬೆಟ್ಟಕ್ಕೆ ಹೋಗಿ ಹೆಕ್ಕಿ ತರುತ್ತಿದ್ದರು. ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿ ಹುಳಿಗೆ ಇಡುವುದು, ಬೀಜದಿಂದ ತುಪ್ಪ ತೆಗೆಯುವುದು. ದೋಸೆಗೆ ಉಪ್ಪಾಗೆ ತುಪ್ಪ ಹಚ್ಚಿ ತಿಂದವರಿಗೆ ಪುಣೆಯ ಡಾಲ್ಡಾ ರುಚಿಸಿದ್ದೇ ಇಲ್ಲ. ಉಳಿದ ಹಣ್ಣು ಮಂಗಗಳಿಗೆ, ಉಳಿದ ಬೀಜ ಮಣ್ಣಿಗೆ.

ಬೆಟ್ಟ ಎಂದೆವಲ್ಲ, ಅದು ಸೊಪ್ಪಿನ ಬೆಟ್ಟ. ಘಟ್ಟದ ಮೇಲಿನ ಅಡಿಕೆ ತೋಟಕ್ಕೆ ಎಕರೆಗೆ ಒಂಬತ್ತು ಎಕರೆಯಂತೆ ಸೊಪ್ಪು, ದರಕು ತರಲು ಬ್ರಿಟಿಷರ ಕಾಲದಲ್ಲಿ ಬಿಟ್ಟುಕೊಟ್ಟ ಕಾಡು. ನೆಲ ಸರ್ಕಾರದ್ದು, ಸೊಪ್ಪು ನಮ್ಮದು. ಅದರ ಆಚೆಗೆ ಇಲಾಖೆಯ ಕಾಡು.

ಆ ಇಲಾಖೆಯ ಕಾಡಿಗಾಗಿಯೇ ನಮ್ಮ ತಾಲೂಕಿನ ಜನ 1983ರ ಸೆಪ್ಟೆಂಬರ್ 8ರಂದು ಕಳಸೆಯ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಹಿಮಾಲಯದ ಚಿಪ್ಕೋದಂತೆ ನಮ್ಮಲ್ಲೂ ಅಪ್ಪಿಕೋ ಹುಟ್ಟಿತು. ಪಾಂಡುರಂಗ ಹೆಗಡೆಯವರು ಅದನ್ನು ಊರೂರಿಗೆ ಒಯ್ದರು. ನಾವು ಪುಣೆಯಲ್ಲಿ ಕುಳಿತು ಪತ್ರಿಕೆಯಲ್ಲಿ ಓದಿ ಹೆಮ್ಮೆಪಟ್ಟೆವು. ನಮ್ಮ ಭಾವನೂ ಆ ಗುಂಪಿನಲ್ಲಿದ್ದ. 'ಉಳಿಸು, ಬೆಳೆಸು, ಬಳಸು' ಎಂಬುದು ಅವರ ಘೋಷಣೆ. ಮೊದಲ ಎರಡು ಶಬ್ದಗಳನ್ನು ನಾವು ಬಹಳ ಮೆಚ್ಚಿದೆವು. ಮೂರನೆಯದೇ ಕಠಿಣವಾದದ್ದು ಎಂದು ಆಗ ಹೊಳೆಯಲಿಲ್ಲ.

1990ರ ದಶಕದಲ್ಲಿ ಉಪ್ಪಾಗೆಗೆ ಎಲ್ಲಿಲ್ಲದ ಬೆಲೆ ಬಂತು. ಅದರ ಸಿಪ್ಪೆಯ ಆಮ್ಲದಿಂದ ಮೈತೂಕ ಇಳಿಯುತ್ತದೆಂದು ಅಮೆರಿಕದಲ್ಲಿ ಗುಳಿಗೆ ಮಾರತೊಡಗಿದ್ದರು. 1998ರಲ್ಲಿ ಅಲ್ಲಿಯ ವೈದ್ಯರೇ 135 ಜನರ ಮೇಲೆ ಹನ್ನೆರಡು ವಾರ ಪರೀಕ್ಷೆ ನಡೆಸಿ, ಈ ಗುಳಿಗೆಗೂ ಬರಿಯ ಹುಸಿಗುಳಿಗೆಗೂ ವ್ಯತ್ಯಾಸ ಕಾಣಲಿಲ್ಲವೆಂದು ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಬೊಜ್ಜು ಕರಗಲಿಲ್ಲ, ನಮ್ಮ ಕಾಡು ಕರಗಿತು.

ಭಾವ ಎರಡು ಗೋಣಿ ಕಳಿಸಿ ಅಲ್ಲಿ ವಿಚಾರಿಸಿರೆಂದು ಬರೆದ. ನಾವು ಯಾರ್ಡಿಗೆ ಹೊತ್ತೊಯ್ದೆವು. ಕರ್ರಗಿನ ಆಮಸೂಲ್ ಎಂದು ಮೊದಲು ಮೂಗು ಮುರಿದ ವ್ಯಾಪಾರಿ, ಮುಂಬಯಿಗೆ ಫೋನು ಮಾಡಿ ಬಂದವನೇ ಕುರ್ಚಿ ಕೊಟ್ಟು ಚಹಾ ತರಿಸಿದ. ಆ ಚಹಾದ ಗುಂಗಿನಲ್ಲೇ ನಾವು ಕಾಗದ ಬರೆದೆವು. "ಇಲ್ಲಿ ದರ ಚೆನ್ನಾಗಿದೆ. ಮುಂದಿನ ವರ್ಷ ಎಲ್ಲರಿಗಿಂತ ಮುಂಚೆ ಕಳಿಸಿದರೆ ಇನ್ನೂ ಒಳ್ಳೆಯದು."

ಎಲ್ಲರಿಗಿಂತ ಮುಂಚೆ! ಆ ಎರಡು ಶಬ್ದ ಇಂದಿಗೂ ಚುಚ್ಚುತ್ತವೆ. ಮರುವರ್ಷ ಚೌತಿಗೆ ಊರಿಗೆ ಹೋದಾಗ ಭಾವ ನಮ್ಮನ್ನು ಬೆಟ್ಟಕ್ಕೆ ಕರೆದೊಯ್ದ. ಉಪ್ಪಾಗೆ ಮರಗಳು ಕೈ ಕತ್ತರಿಸಿದವರಂತೆ ನಿಂತಿದ್ದವು. ಇಲಾಖೆಯ ಕಾಡಿನಲ್ಲಿ ಹಣ್ಣು ಗುತ್ತಿಗೆಯವರ ಪಾಲು, ಅಂದರೆ ಯಾರು ಮೊದಲು ಮುಟ್ಟಿದರೋ ಅವರ ಪಾಲು. ನಾನು ಹಣ್ಣಾಗಲೆಂದು ಕಾದರೆ ಇನ್ನೊಬ್ಬ ಕಾಯಿಯನ್ನೇ ಒಯ್ಯುತ್ತಾನೆ. ಹಾಗಾಗಿ ಎಲ್ಲರೂ ಕಾಯಿಯನ್ನೇ ಒಯ್ದರು, ಕೈಗೆಟುಕದಲ್ಲಿ ಕೊಂಬೆಯನ್ನೇ ಕಡಿದರು. ಆಮೇಲೆ ಮಳೆಯಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ, ಅದೂ ಅದೇ ಕಾಡಿನದು. ಎಳೆಕಾಯಿಯ ಬೀಜದಲ್ಲಿ ತುಪ್ಪವೂ ಇಲ್ಲ, ಮೊಳಕೆಯೂ ಇಲ್ಲ. ಹದಿಮೂರು ವರ್ಷ ಹಿಂದೆ ಮರ ಅಪ್ಪಿದ ಕೈಗಳೂ ಅಲ್ಲಿದ್ದವು ಎಂದು ಭಾವ ಹೇಳಿದ. ನಮ್ಮ ಕಾಗದದ ಮಾತು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಹಿಂದಿರುಗುವಾಗ ಕುಮಟೆಯ ನೆಂಟರ ಮನೆಗೆ ಹೋಗಿದ್ದೆವು. ಅವರು ಹತ್ತಿರದ ಹಳಕಾರದ ಕಾಡು ತೋರಿಸಿದರು. ಕಾಲಿನ್ಸ್ ಎಂಬ ಅಧಿಕಾರಿಯ ಶಿಫಾರಸಿನ ಮೇಲೆ 1920ರ ದಶಕದಲ್ಲಿ ಆ ತಾಲೂಕಿನ ಹಳಕಾರ, ಮೂರೂರು-ಕಲ್ಲಬ್ಬೆ, ಚಿತ್ರಗಿಗಳಲ್ಲಿ ಊರಿನವರದೇ ಅರಣ್ಯ ಪಂಚಾಯತಿಗಳು ಆದವು. ಎಷ್ಟು ಸೊಪ್ಪು, ಎಷ್ಟು ಸೌದೆ, ಯಾವಾಗ ಎಂಬುದು ಊರಿನ ತೀರ್ಮಾನ. ಕಾವಲುಗಾರನೂ ಊರಿನವನೇ. ಮುಂದೆ ಸರ್ಕಾರ ಈ ಪಂಚಾಯತಿಗಳನ್ನು ರದ್ದು ಮಾಡಹೊರಟಾಗ ಹಳಕಾರದವರು ಕೋರ್ಟಿಗೆ ಹೋಗಿ ಉಳಿಸಿಕೊಂಡರು. ಚಿತ್ರಗಿಯಲ್ಲಿ ಪಂಚಾಯತಿ ಹೋಯಿತು, ಹಿಂದೆಯೇ ಕಾಡೂ ಹೋಯಿತು. ಅದೇ ಸೀಮೆ, ಅದೇ ಮಳೆ, ಅದೇ ಜನ. ಪೇಟೆಗೆ ಅಂಟಿಕೊಂಡಂತಿರುವ ಹಳಕಾರದ ಆ ಹಸಿರನ್ನು ನೋಡುತ್ತ ನಾವು ಬಹಳ ಹೊತ್ತು ಸುಮ್ಮನೆ ನಿಂತಿದ್ದೆವು.

ನಮ್ಮೂರಲ್ಲೂ ಆಮೇಲೆ ಗ್ರಾಮ ಅರಣ್ಯ ಸಮಿತಿ ಆಯಿತು. 1993ರ ಸರ್ಕಾರಿ ಆದೇಶದಿಂದ ಬಂದ ಇಂಥ ಸಮಿತಿಗಳಲ್ಲಿ ಎಷ್ಟೋ ಕಾಗದದ ಮೇಲೆಯೇ ಇವೆ. ನಮ್ಮದೂ ಕೆಲವು ವರ್ಷ ನಿದ್ರೆ ಮಾಡಿತು. ಅಧ್ಯಕ್ಷಗಿರಿಗಾಗಿ ಜಗಳವೂ ಆಯಿತು, ಎರಡು ಮನೆಗಳಲ್ಲಿ ಮಾತು ನಿಂತಿತು. ಆದರೂ ಒಂದು ಕಟ್ಟು ಉಳಿದಿದೆ. ಸಮಿತಿ ದಿನ ಗೊತ್ತು ಮಾಡುವ ತನಕ ಉಪ್ಪಾಗೆ ಮುಟ್ಟುವಂತಿಲ್ಲ, ಕೊಂಬೆ ಕಡಿದರೆ ದಂಡ. ಭಾವನ ಮಗನೇ ಒಮ್ಮೆ ದಂಡ ಕಟ್ಟಿದ್ದಾನೆ. ಅದನ್ನು ಅವನು ಫೋನಿನಲ್ಲಿ ನಗುತ್ತಲೇ ಹೇಳಿದ.

ಆ ಹಳೆಯ ವ್ಯಾಪಾರಿಯ ಗಾದಿಯಲ್ಲಿ ಈಗ ಅವರ ಮಗ ಕೂರುತ್ತಾರೆ. ಕಳೆದ ಜೂನಿನಲ್ಲಿ ಆಮಸೂಲ್ ತರಲು ಹೋದಾಗ, ನಿಮ್ಮ ಊರಿನ ಆ ಕರಿಮಾಲು ಬರುತ್ತದೆಯೇ, ಗಿರಾಕಿ ಇದೆ ಎಂದು ಕೇಳಿದರು. ಅಂಗಡಿಯಿಂದಲೇ ಊರಿಗೆ ಫೋನು ಮಾಡಿದೆವು. ಇನ್ನೂ ದಿನ ಗೊತ್ತಾಗಿಲ್ಲ, ಹಣ್ಣು ಹಸಿರಿದೆ, ಎಂದಿತು ಆ ಕಡೆಯ ದನಿ. ನಾವು ಅದನ್ನೇ ಮರಾಠಿಯಲ್ಲಿ ಹೇಳಿದೆವು.

"ಮಗ ಪಿಕಲ್ಯಾವರ ಆಣಾ," ಎಂದು ಅವರು ಆಮಸೂಲ್ ತೂಗತೊಡಗಿದರು.