ಆರು ಗ್ರಾಂ ಲೆಕ್ಕ

ಕಾರ್ಬ್ಯುರೇಟರ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಹಳೇ ಪ್ರಶ್ನೆಪತ್ರಿಕೆಯಲ್ಲಿ ಬರೋ ಒಂದು ಚಿತ್ರ, ಅಷ್ಟೇ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಿಂದಲೂ ಅದು ಬಹುಪಾಲು ಮಾಯವಾಯ್ತು. ತಿಪಟೂರಿನ ನಮ್ಮ ಮನೆಯಲ್ಲಿ 1972ರ ಅಂಬಾಸಿಡರ್ ಮಾರ್ಕ್ 2 ಇಲ್ಲದಿದ್ದರೆ ನಾನೂ ಅದನ್ನು ಬಿಚ್ಚಿ ನೋಡುತ್ತಿರಲಿಲ್ಲ.

ತಾತ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಕಾಲದ ಕಾರು ಅದು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ಸರ್ಕಾರದ 2021ರ ನಿಯಮ ವಿಂಟೇಜ್ ಅನ್ನುತ್ತೆ. ಅಪ್ಪ ಮಾತ್ರ ಅದನ್ನು ಬೆಂಕಿಪೊಟ್ಟಣ ಅಂತಿದ್ರು. ಬೋನೆಟ್ ಎತ್ತಿದರೆ ಪೆಟ್ರೋಲ್ ಘಾಟು, ಕೆಳಗೆ ನೆಲದ ಮೇಲೆ ಕಲೆ. ಶೆಡ್ಡಿನ ಗೋಡೆಗೆ ಅಂಟಿಕೊಂಡೇ ಅಡುಗೆಮನೆ, ಆ ಕಡೆ ತೆಂಗಿನ ಮಟ್ಟೆಯ ರಾಶಿ. "ಆಯುಧಪೂಜೆ ಒಳಗೆ ಸರಿ ಆಗ್ಲಿಲ್ಲ ಅಂದ್ರೆ ಗುಜರಿಗೆ ಹಾಕೋದೇ" ಅಂದ್ರು. ತಾತ ಏನೂ ಹೇಳದೆ ಊಟದಿಂದ ಎದ್ದು ಹೋದರು.

ಅಪ್ಪನ ಭಯ ಸುಳ್ಳಲ್ಲ. ಈ 1489 ಸಿ.ಸಿ. ಇಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಇರೋ ಕಡೆಯೇ, ಅದರ ಕೆಳಗೆ, ಸುಡುವ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮೇಲೆ ಹೋಗಿ ಚದುರದೆ ನೆಲ ಹಿಡಿದೇ ಹರಡುತ್ತೆ. ಒಲೆಯವರೆಗೂ ಹೋಗಬಹುದು.

ರಜೆಯಲ್ಲಿ ಊರಿನ ಹಳೇ ಮೇಸ್ತ್ರಿಯೊಬ್ಬರನ್ನು ಮನೆಗೆ ಕರೆಸಿದೆ. ಮೊದಲು ಕಾರನ್ನು ಅಂಗಳದ ಬಯಲಿಗೆ ತಳ್ಳಿಸಿದರು, ಬ್ಯಾಟರಿ ವೈರ್ ಕಳಚಿದರು, ಒಂದು ಬಕೆಟ್ ಮರಳು ತರಿಸಿದರು. "ಎಲ್ಲಿಂದ ಸೋರ್ತಿದೆ ಮೇಸ್ತ್ರಿ?" ಅಂದೆ. "ತೊಟ್ಟಿಕ್ಕೋ ಜಾಗ ಬೇರೆ, ಸೋರೋ ಜಾಗ ಬೇರೆ ಕಣಪ್ಪ. ಮೊದ್ಲು ಒರೆಸು" ಅಂದ್ರು.

ಎಲ್ಲಾ ಒರೆಸಿ ಒಣಗಿಸಿದ ಮೇಲೆ ಜೋಡಣೆಗಳ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಇಂಜಿನ್ ಸ್ಟಾರ್ಟ್ ಮಾಡಲಿಲ್ಲ. ಪೆಟ್ರೋಲ್ ಪಂಪಿನ ಪುಟ್ಟ ಲಿವರನ್ನು ಕೈಯಲ್ಲೇ ಒತ್ತಿದರು. ಬಿಳಿ ಪುಡಿ ಎರಡು ಕಡೆ ಒದ್ದೆಯಾಯ್ತು.

ಒಂದು, ಕ್ಲಿಪ್ಪಿನ ಹತ್ತಿರ ಬಿರುಕು ಬಿಟ್ಟಿದ್ದ ರಬ್ಬರ್ ಪೈಪು. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿದ್ದು. ಹಳೇ ಕಾಲದ ರಬ್ಬರು ಎಥನಾಲಿಗೆ ಚೆನ್ನಾಗಿ ತಡೆಯೋದಿಲ್ಲ. ಎಥನಾಲ್ ತಡೆಯುವ ಹೊಸ ಪೈಪು ಹಾಕಿದೆವು.

ಎರಡು, ಫ್ಲೋಟ್ ಚೇಂಬರಿನ ಮುಚ್ಚಳ. ಹೊಸ ಪ್ಯಾಕಿಂಗ್ ಹಾಕಿದರೂ ಪುಡಿ ಮತ್ತೆ ಒದ್ದೆ. ಅಂದ್ರೆ ಒಳಗೆ ಪೆಟ್ರೋಲ್ ಮಟ್ಟವೇ ಮೇಲೇರುತ್ತಿದೆ. ಮನೆಯ ನೀರಿನ ಟ್ಯಾಂಕಲ್ಲಿ ಬಾಲ್ ತೇಲಿ ನಲ್ಲಿ ಮುಚ್ಚುತ್ತಲ್ಲ, ಇದೂ ಹಾಗೇ. ಫ್ಲೋಟ್ ತೇಲಿ ಒಂದು ಸೂಜಿಯನ್ನು ರಂಧ್ರಕ್ಕೆ ಒತ್ತುತ್ತೆ. ಸೂಜಿಗೆ ಕಸ ಸಿಕ್ಕಿದ್ದರೆ ಸೋರುತ್ತೆ. ಸೂಜಿ ಸವೆದಿದ್ದರೂ ಸೋರುತ್ತೆ. ಎರಡೂ ಸರಿಯಿದ್ದವು.

ಅಷ್ಟು ಹೊತ್ತೂ ಜಗಲಿಯಲ್ಲಿ ಸುಮ್ಮನೆ ಕೂತಿದ್ದ ತಾತ ಎದ್ದು ಬಂದು ಹಿತ್ತಾಳೆಯ ಫ್ಲೋಟನ್ನು ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ಉಂಡೆ ಕೊಬ್ಬರಿಗೆ ಇಟ್ಟ ಕಾಯಿಯನ್ನು ನಮ್ಮೂರಲ್ಲಿ ಹೀಗೇ ನೋಡೋದು. ಒಳಗಿನ ನೀರು ಪೂರ್ತಿ ಇಂಗಿದ್ದರೆ ಗಿಟುಕು ಲಟಲಟ ಅನ್ನುತ್ತೆ. "ಇದ್ರಲ್ಲಿ ಇನ್ನೂ ನೀರೈತೆ ಕಣೋ" ಅಂದ್ರು ತಾತ. ನೀರಲ್ಲ, ಪೆಟ್ರೋಲು. ಮೇಸ್ತ್ರಿ ಅದನ್ನು ಬಿಸಿನೀರಲ್ಲಿ ಮುಳುಗಿಸಿದರು. ಬೆಸುಗೆಯ ಅಂಚಿನಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು.

ಆಮೇಲೆ ನಾನು ಕೂತು ಲೆಕ್ಕ ಮಾಡಿದೆ. ಪಂಪಿನ ಒತ್ತಡ 20 ಕಿಲೋಪ್ಯಾಸ್ಕಲ್, ರಂಧ್ರದ ವ್ಯಾಸ 2 ಮಿ.ಮೀ. ಅಂತ ಇಟ್ಟುಕೊಂಡರೆ ಸೂಜಿಯನ್ನು ಕೆಳಕ್ಕೆ ತಳ್ಳುವ ಬಲ 0.06 ನ್ಯೂಟನ್. ಅಂದ್ರೆ ಸುಮಾರು ಆರು ಗ್ರಾಂ ತೂಕ, ಐದು ರೂಪಾಯಿ ನಾಣ್ಯದಷ್ಟು! ಕಾರು, ಅಡುಗೆಮನೆ, ಅಪ್ಪನ ನಿದ್ದೆ ಎಲ್ಲಾ ಈ ಆರು ಗ್ರಾಮಿನ ಮೇಲೆ ನಿಂತಿತ್ತು. ಫ್ಲೋಟಿನೊಳಗೆ ಒಂದೆರಡು ಮಿಲಿ ಪೆಟ್ರೋಲ್ ಸೇರಿದರೂ ಅದು ತೇಲುವ ಶಕ್ತಿ ಅಷ್ಟು ಕಮ್ಮಿಯಾಗುತ್ತೆ.

ಒಳಗಿನ ಪೆಟ್ರೋಲ್ ಒಂದು ಹನಿಯೂ ಉಳಿಯದಂತೆ ಬಿಸಿನೀರಲ್ಲೇ ಹೊರಹಾಕಿ, ಒಣಗಿಸಿ, ಆಮೇಲೆ ಬೆಸುಗೆ ಹಾಕಿದರು. ಆವಿ ಉಳಿದಿರುವಾಗ ಬಿಸಿ ಮಾಡಿದರೆ ಫ್ಲೋಟೇ ಸಿಡಿಯುತ್ತೆ. ಹೆಚ್ಚಾದ ಸೀಸವನ್ನು ಮೇಸ್ತ್ರಿ ಅರದಲ್ಲಿ ಉಜ್ಜುತ್ತಲೇ ಇದ್ದರು. "ಇರ್ಲಿ ಬಿಡಿ ಮೇಸ್ತ್ರಿ, ಚೂರು ತಾನೇ" ಅಂದ್ರು ಅಪ್ಪ. "ಭಾರ ಆದ್ರೆ ಮುಳುಗ್ತದೆ ಸಾರ್" ಅಂದ್ರು ಅವರು. ನನ್ನ ಕಾಗದದಲ್ಲಿದ್ದ ಲೆಕ್ಕ ಅವರ ಬೆರಳಲ್ಲಿ ಮೊದಲೇ ಇತ್ತು.

ಆ ರಾತ್ರಿ ಕಾರಿನ ಕೆಳಗೆ ಹಾಸಿದ್ದ ಪೇಪರ್ ಬೆಳಗ್ಗೆ ಒಣಗಿಯೇ ಇತ್ತು. ಅಪ್ಪ ಬಗ್ಗಿ ಮೂಸಿ ನೋಡಿದರು. ಗುಜರಿ ಮಾತು ಎತ್ತಲಿಲ್ಲ. ಶೆಡ್ಡನ್ನು ಅಡುಗೆಮನೆಯಿಂದ ದೂರಕ್ಕೆ ಹಾಕಿಸೋಣ ಅಂದ್ರು. ಅದೂ ಸರಿಯೇ.

ಬ್ಯುಯನ್ಸಿ, ಫೋರ್ಸ್, ಏರಿಯಾ ಎಲ್ಲಾ ನಾನು ಕಲಿತದ್ದು ಇಂಗ್ಲಿಷಿನಲ್ಲಿ, ಪರೀಕ್ಷೆಗೆ. ಕಾಯಿ ಅಲ್ಲಾಡಿಸಿ ಕೇಳೋದನ್ನು ಯಾವ ಸೆಮಿಸ್ಟರಿನಲ್ಲೂ ಹೇಳಿಕೊಡಲಿಲ್ಲ. ನಿಮ್ಮ ಮನೆಯಲ್ಲೂ ಹಳೇ ಗಾಡಿ ನಿಂತಿದ್ದರೆ, ಪೆಟ್ರೋಲ್ ವಾಸನೆ ಬಂದ ದಿನ ಸ್ಟಾರ್ಟ್ ಮಾಡಬೇಡಿ. ಬಯಲಿಗೆ ತಳ್ಳಿ, ಒರೆಸಿ, ಪುಡಿ ಉದುರಿಸಿ. ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.