ಸೂಜಿಯ ಪಾಠ

ನಮ್ಮ ಗೃಹಿಣಿಗೆ ಮೊಣಕಾಲು ನೋವು ಬಲಿತು, ಹುಕ್ಕೇರಿಯಿಂದ ಮೂಡಲಗಿಯ ತವರಿಗೆ ಹೋಗುವುದೂ ನಿಂತಿದ್ದಿತು. ಗೋಕಾಕದ ವೈದ್ಯರೊಬ್ಬರು, ಇಂಗ್ಲಿಷ್ ವೈದ್ಯದಲ್ಲಿ ಪದವಿ ಪಡೆದವರು, ಚೀನದ ಸೂಜಿಚಿಕಿತ್ಸೆಯನ್ನು ಸೂಚಿಸಿದಾಗ ನಾವು ನಕ್ಕೆವು. “ಇದರಲ್ಲಿ ಹೊಸತೇನು? ಸುಶ್ರುತನೇ 107 ಮರ್ಮಗಳನ್ನು ಹೇಳಿರುವನಲ್ಲ!” ಎಂದು ಪಾಂಡಿತ್ಯವನ್ನೂ ಮೆರೆದೆವು.

“ಗುರುಗಳೇ, ಮರ್ಮಗಳಿಗೆ ಶಸ್ತ್ರ ತಾಗದಿರಲೆಂದಲ್ಲವೆ ಸುಶ್ರುತನು ಅವನ್ನು ಎಣಿಸಿದ್ದು? ಚೀನರಾದರೋ ಚುಚ್ಚಲೆಂದೇ ಎಣಿಸಿದರು” ಎಂದರು ಅವರು, ಮೆಲ್ಲಗೆ. ಮನೆಗೆ ಬಂದು ಗ್ರಂಥವನ್ನು ತೆರೆದೆವು. ಅವರ ಮಾತೇ ದಿಟ. ಅಭಿಮಾನವು ನಮಗೆ ಅರ್ಥವನ್ನು ಮರೆಯಿಸಿದ್ದಿತು.

ತಮಗೆ ಈ ವಿದ್ಯೆಯಲ್ಲಿ ಒಲವು ಹೇಗೆ ಬಂದಿತೆಂದು ಮತ್ತೊಮ್ಮೆ ಕೇಳಲು, ಅವರು ಹಿಂದಿನ ಕಥೆಯನ್ನು ಹೇಳಿದರು. 1938ರಲ್ಲಿ ಭಾರತದಿಂದ ಐವರು ವೈದ್ಯರು ಯುದ್ಧಪೀಡಿತ ಚೀನಕ್ಕೆ ಹೋದರು. ಅವರಲ್ಲಿ ಸೊಲ್ಲಾಪುರದ ಕೋಟ್ನೀಸರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಒಡನಾಡಿ, ಕಲಕತ್ತೆಯ ಬಿಜಯಕುಮಾರ ಬಸುಗಳು, 1958ರಲ್ಲಿ ಮರಳಿ ಹೋಗಿ, ನಡುವಯಸ್ಸಿನಲ್ಲಿ ಶಿಷ್ಯರಾಗಿ ಕುಳಿತು, ಈ ವಿದ್ಯೆಯನ್ನು ಕಲಿತು ತಂದರು.

“ಅವ್ವಾರ, ನೋವು ತಗ್ಗಬಹುದು; ತಗ್ಗದೆಯೂ ಇರಬಹುದು. ಸವೆದ ಕೀಲು ಮಾತ್ರ ಹೊಸದಾಗದು” ಎಂದು ಮೊದಲೇ ತಿಳಿಸಿ, ವೈದ್ಯರು ಎಳೆಯಂತಹ ಉಕ್ಕಿನ ಸೂಜಿಗಳನ್ನು ಚುಚ್ಚಿದರು. ಹತ್ತು ಸಲ ಹೋಗಿಬಂದ ಮೇಲೆ ಆಕೆ ಕೋಲೂರಿಕೊಂಡೇ ತವರಿನ ಮೆಟ್ಟಿಲೇರಿದಳು.

ಗುಣವು ಸೂಜಿಯದೋ ಕಾಲದ್ದೋ, ನಾವು ನಿರ್ಣಯಿಸಲಾರೆವು. 35 ವರ್ಷ ಕಲಿಸಿದ ನಮಗೆ ಕಲಿಯುವುದೇ ಮರೆತುಹೋಗಿದ್ದಿತು. ಅದನ್ನು ನೆನಪಿಗೆ ತಂದುದಂತೂ ಆ ಸೂಜಿಯೇ.