ಬಲಕ್ಕೆ ಮುಕ್ಕಾಲು ಸುತ್ತು

ಡಿಗ್ರಿ ಅಂದರೆ ನನಗೆ ಬಿಕಾಂ, ಅವರ ಅಮ್ಮನಿಗೆ ಜ್ವರ, ಕೆಳಗಿನ ಮನೆಯ ಐದನೇ ಕ್ಲಾಸಿನ ಹುಡುಗನಿಗೆ ಮಾತ್ರ ಭಯ! ನಮ್ಮ ಖಿದಿರ್‌ಪುರದ ಈ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ. ಹಾಗಾಗಿ ಭಾನುವಾರದ ಗಣಿತಕ್ಕೆ ಅವನಿಗೆ ನಾನೇ ಮೇಷ್ಟ್ರು. "ಮಾಮಾ, ನನಗೆ ಗಣಿತ ಬರಲ್ಲ" ಎಂದು ಹತ್ತನೇ ವಯಸ್ಸಿಗೇ ತೀರ್ಮಾನ ಮಾಡಿಬಿಟ್ಟಿದ್ದ. ನನಗೆ ಹೆದರಿಕೆಯಾಗಿದ್ದು ಆ ತೀರ್ಮಾನಕ್ಕೆ.

2025ರಲ್ಲಿ ಬಂದ ಎನ್‌ಸಿಇಆರ್‌ಟಿಯ ಐದನೇ ತರಗತಿಯ 'ಮ್ಯಾಥ್ಸ್ ಮೇಳ' ಕೋನವನ್ನು 'ತಿರುವು' ಎಂದೇ ಪರಿಚಯಿಸುತ್ತದೆ. ಒಳ್ಳೆಯ ದಾರಿ. ಆದರೆ ತಿರುವನ್ನು ಓದಿದರೆ ಸಾಲದು, ತಿರುಗಬೇಕು.

ಮೊದಲು ಪೊರಕೆಯಿಂದ ಎರಡು ಉದ್ದ ಕಡ್ಡಿ, ಎರಡು ಗಿಡ್ಡ ಕಡ್ಡಿ ಕಿತ್ತೆವು. ಎರಡೆರಡರ ತುದಿಗೆ ದಾರ ಕಟ್ಟಿ, ಎರಡು ಜೋಡಿಯನ್ನೂ ಒಂದೇ ಅಗಲಕ್ಕೆ ತೆರೆದಿಟ್ಟೆ. ಯಾವ ಕೋನ ದೊಡ್ಡದು? ಉದ್ದ ಕಡ್ಡಿಯದು ಎಂದ. ಬಹಳಷ್ಟು ಮಕ್ಕಳು ಹಾಗೇ ಹೇಳುತ್ತಾರಂತೆ. ಹಳೇ ಪೇಪರಿನ ಚೂರನ್ನು ಒಮ್ಮೆ ಮಡಿಸಿ, ಮಡಿಕೆಯ ಗೆರೆ ಗೆರೆಯ ಮೇಲೇ ಕೂರುವಂತೆ ಇನ್ನೊಮ್ಮೆ ಮಡಿಸಿದೆವು. ಪೇಪರು ಹೇಗೇ ಹರಿದಿರಲಿ, ಆ ಮೂಲೆ ಪಕ್ಕಾ ಲಂಬಕೋನ. ಅದನ್ನು ಎರಡೂ ಜೋಡಿಗೆ ಹಿಡಿದು ನೋಡಿದ. ಎರಡಕ್ಕೂ ಸರಿಯಾಗಿ ಕೂತಿತು! ಕೋನ ಅಳೆಯುವುದು ಕಡ್ಡಿಯ ಉದ್ದವನ್ನಲ್ಲ, ಎಷ್ಟು ತಿರುಗಿತು ಅನ್ನೋದನ್ನ.

ಇದಕ್ಕೆ ನಮ್ಮ ಊರಿಗಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ ಹೇಳಿ? ಡಾಕಿನ ಬಾಸ್ಕ್ಯೂಲ್ ಸೇತುವೆ ಹಡಗಿಗೆ ದಾರಿ ಬಿಡಲು ಪೆಟ್ಟಿಗೆಯ ಮುಚ್ಚಳದ ಹಾಗೆ ಮೇಲೇಳುತ್ತದೆ. ಸ್ವಿಂಗ್ ಸೇತುವೆ ಬಾಗಿಲಿನಂತೆ ಪಕ್ಕಕ್ಕೆ ತಿರುಗುತ್ತದೆ. ಸೇತುವೆಯ ಉದ್ದ ಅಷ್ಟೇ, ಬೆಳೆಯುವುದು ಕೋನ ಮಾತ್ರ.

ಆಮೇಲೆ ಟೆರೇಸಿನಲ್ಲಿ ಕವಾಯತು. ಉತ್ತರಕ್ಕೆ ಮುಖ ಮಾಡಿ ನಿಂತು ಬಲಕ್ಕೆ ಕಾಲು ಸುತ್ತು, ಪೂರ್ವ. ಅರ್ಧ ಸುತ್ತು, ದಕ್ಷಿಣ. ಪೂರ್ತಿ ಸುತ್ತಿಗೆ 360 ಡಿಗ್ರಿ, ಅಂದರೆ ಕಾಲು ಸುತ್ತಿಗೆ 90. ಈ 360ರ ಬೇರು ಬ್ಯಾಬಿಲೋನಿನವರ ಅರವತ್ತರ ಲೆಕ್ಕದಲ್ಲಿದೆ ಎನ್ನುತ್ತಾರೆ. ಎರಡು, ಮೂರು, ನಾಲ್ಕು, ಐದು, ಆರು, ಎಂಟು, ಒಂಬತ್ತು, ಹತ್ತು, ಹನ್ನೆರಡು... ಯಾವುದರಿಂದ ಭಾಗಿಸಿದರೂ ಚಿಲ್ಲರೆ ಉಳಿಯದ ಸಂಖ್ಯೆ. ಬ್ಯಾಂಕಿನವನಿಗೆ ಇನ್ನೇನು ಬೇಕು!

"ಈಗ ಬಲಕ್ಕೆ ಮುಕ್ಕಾಲು ಸುತ್ತು" ಎಂದೆ. ಹುಡುಗ ಅಲ್ಲಾಡಲಿಲ್ಲ. ಸ್ವಲ್ಪ ಯೋಚಿಸಿ, "ಮಾಮಾ, ಅದರ ಬದಲು ಎಡಕ್ಕೆ ಕಾಲು ಸುತ್ತಿದರೆ ಸಾಕಲ್ವಾ? ಅದೇ ಪಶ್ಚಿಮಕ್ಕೇ ಬರ್ತೀನಿ" ಎಂದ. ನಾನು ಹೇಳಿಕೊಟ್ಟದ್ದಲ್ಲ, ಅವನೇ ಕಂಡುಕೊಂಡದ್ದು. ಗಣಿತ ಬರದವನ ಮಾತಾ ಇದು?

ಇನ್ನೊಂದು ಲಾಭವೂ ಆಯಿತು. ಸಮಕೋಣ ಅಂತ ಬಂಗಾಳಿ ಗೆಳೆಯರಿಂದ, ರೈಟ್ ಆಂಗಲ್ ಅಂತ ಸ್ಕೂಲಿನಿಂದ ಅವನಿಗೆ ಗೊತ್ತಿತ್ತು. ಕಾಲು, ಅರ್ಧ, ಮುಕ್ಕಾಲು ಮಾತ್ರ ಆ ಸಂಜೆ ಮೈಯಿಂದಲೇ ಕಲಿತ. ನಿಂತಿರೋ ಕಾಲಿಗೂ ಸುತ್ತೋ ಕಾಲಿಗೂ ಒಂದೇ ಹೆಸರು ಯಾಕೆ ಅಂತ ಕೇಳಿ ಕೇಳಿ ನಕ್ಕ.

ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸೋದು ಹೇಗೆ ಅಂತ ಕೊರಗುವವರು ಪೊರಕೆಕಡ್ಡಿ ಹಿಡಿದು ನೋಡಿ. ಹೊಡೆಯೋಕಲ್ಲ ಮಾರಾಯ್ರೇ, ಕೋನ ಮಾಡೋಕೆ!